ಅಹಿಂಸಾ ತುಪ್ಪ: ಲೇಬಲಿನ ಮಾತು, ಹಟ್ಟಿಯ ಲೆಕ್ಕ

ಕಾಸರಗೋಡು ಜಿಲ್ಲೆಯ ಬದಿಯಡ್ಕ–ಪೆರ್ಲ ದಾರಿಯಿಂದ ಒಳಗೆ ಇಳಿದರೆ ಸಿಗುವ ಒಂದು ತೋಟದ ಮನೆಯವರು ಕಾಸರಗೋಡು ಗಿಡ್ಡ ಎಂಬ ಕುಳ್ಳ ನಾಡತಳಿಯ ದನದ ತುಪ್ಪ ಮಾಡಿ ಮಾರುತ್ತಾರೆ. ಅರ್ಧ ಲೀಟರಿನ ಗಾಜಿನ ಬಾಟಲಿಗೆ 1,400 ರೂಪಾಯಿ. ಲೇಬಲಿನ ಮೇಲೆ ಮೂರು ಮಾತುಗಳಿವೆ: ಕರು ಕುಡಿದು ಉಳಿದ ಹಾಲು, ಮೊಸರು ಕಡೆದು ತೆಗೆದ ಬೆಣ್ಣೆ, ಎಲ್ಲದರಲ್ಲೂ ಇರುವುದು ಒಂದೇ ಆತ್ಮ ಎಂಬ ಭಾವದಿಂದ ಮಾಡಿದ ಅಹಿಂಸಾ ತುಪ್ಪ. ಮೊದಲ ಎರಡು ಮಾತು ಪೂರಾ ನಿಜ. ಮೂರನೆಯದು ಅರ್ಧ ದಾರಿಗೆ ನಿಂತಿದೆ, ಅದನ್ನೇ ಇಲ್ಲಿ ಬಿಡಿಸಿ ಹೇಳಬೇಕಾಗಿದೆ. ಮನೆಯವರ ಹೆಸರನ್ನೂ ಫೋನನ್ನೂ ಬೇಕೆಂದೇ ಕೊಟ್ಟಿಲ್ಲ. ತಿಂಗಳಿಗೆ ನಾಲ್ಕು ಬಾಟಲಿ ಆಗುವ ಕಡೆಗೆ ನೂರು ಜನ ಫೋನ್ ಮಾಡಿದರೆ ಮೊದಲು ಹಾಲು ಕಡಿಮೆಯಾಗುವುದು ಕರುವಿಗೆ.

ತುಪ್ಪದ ಗುಣ ಮೊದಲು ನೋಡೋಣ. ಬಣ್ಣ ತಿಳಿ ಹಳದಿ. ಹಸಿಹುಲ್ಲು ತಿನ್ನುವ ದನದ ಹಾಲಿನಲ್ಲಿ ಕ್ಯಾರೋಟಿನ್ ಜಾಸ್ತಿ, ಅದರಿಂದ ಬರುವ ಹಳದಿ ಇದು. ಬೇಸಗೆಯಲ್ಲಿ ಬೈಹುಲ್ಲಿನ ಮೇಲೆ ನಿಂತಾಗ ಮಾಡಿದ ತುಪ್ಪ ಸ್ವಲ್ಪ ಬಿಳಿಚಿಕೊಂಡಿರುತ್ತದೆ, ಅದು ದೋಷವಲ್ಲ. ವರ್ಷವಿಡೀ ಒಂದೇ ಹಳದಿ ಇರುವ ತುಪ್ಪದ ಮೇಲೆ ಅನುಮಾನ ಪಡಬಹುದು. ಹರಳು ಚೆನ್ನಾಗಿ ಕಟ್ಟಿದೆ, ಅಂದರೆ ಕಾಸಿದ ಮೇಲೆ ನಿಧಾನಕ್ಕೆ ತಣಿಯಲು ಬಿಟ್ಟಿದ್ದಾರೆ. ಪರಿಮಳದಲ್ಲಿ ಮೊಸರಿನ ಸಣ್ಣ ಹುಳಿಯ ನೆನಪು ಇದೆ. ಕೆನೆಯಿಂದ ನೇರ ಮಾಡಿದ ತುಪ್ಪಕ್ಕೆ ಅದು ಬರುವುದಿಲ್ಲ.

ಮಳೆಗಾಲದ ಬಾಟಲಿಯಲ್ಲಿ ಮಾತ್ರ ಒಂದು ಕೊರತೆ ಕಂಡಿತು. ಒಣ ಬಾಣಲೆಗೆ ಒಂದು ಚಮಚ ಹಾಕಿ ಬಿಸಿ ಮಾಡಿದಾಗ ಚಟಪಟ ಸಿಡಿಯಿತು. ಸಿಡಿದರೆ ಒಳಗೆ ನೀರು ಉಳಿದಿದೆ ಎಂದರ್ಥ. ತುಪ್ಪದಲ್ಲಿ ನೀರಿನಂಶ ಶೇ. 0.5 ಮೀರಬಾರದು ಎಂಬುದು ಆಹಾರ ಸುರಕ್ಷತಾ ನಿಯಮ. ಬೆಣ್ಣೆ ಕಾಸುವಾಗ ನೊರೆ ಎದ್ದು, ಇಳಿದು, ಸದ್ದು ಪೂರಾ ನಿಂತು, ತಳದ ಗಸಿ ಕಂದು ಬಣ್ಣಕ್ಕೆ ತಿರುಗಿದಾಗ ಒಲೆ ಆರಿಸಬೇಕು. ಗಸಿ ಕಪ್ಪಾದೀತು ಎಂಬ ಹೆದರಿಕೆಯಿಂದ ಎರಡು ನಿಮಿಷ ಮುಂಚೆ ಇಳಿಸಿದರೆ ಹೀಗಾಗುತ್ತದೆ. ಆಟಿ ತಿಂಗಳ ಗಾಳಿಯಲ್ಲಿ ಇಂಥ ತುಪ್ಪಕ್ಕೆ ಮೂರು ವಾರದೊಳಗೆ ಮುಗ್ಗಲು ವಾಸನೆ ಬರುತ್ತದೆ. ಮುಚ್ಚಳದ ಒಳಗಿನ ಪದರವೂ ತೆಳು, ಬದಲಿಸಿದರೆ ಒಳ್ಳೆಯದು. ಕೊಂಡವರು ಮತ್ತೊಮ್ಮೆ ಸಣ್ಣ ಉರಿಯಲ್ಲಿ ಕಾಸಿ, ಸೋಸಿ, ಒಣ ಬಾಟಲಿಗೆ ತುಂಬಿದರೆ ಸರಿಹೋಗುತ್ತದೆ.

ಇನ್ನು ಹಾಲಿನ ಲೆಕ್ಕ. ಅಹಿಂಸೆಯ ಲೇಬಲ್ ಇರುವ ಯಾವ ತುಪ್ಪವನ್ನೂ ಈ ಲೆಕ್ಕ ಹಾಕದೆ ಕೊಳ್ಳಬಾರದು. ಗಿಡ್ಡ ದನ ದಿನಕ್ಕೆ ಒಂದೂವರೆ–ಎರಡು ಲೀಟರ್ ಮೀರಿ ಕೊಡುವುದು ಅಪರೂಪ. ಕರು ಹುಟ್ಟುವಾಗ ಸುಮಾರು 10 ಕಿಲೋ ತೂಗುತ್ತದೆ, ಮೊದಲ ತಿಂಗಳು ಅದಕ್ಕೆ ದಿನಕ್ಕೆ ತೂಕದ ಹತ್ತನೇ ಒಂದು ಪಾಲು ಹಾಲು ಬೇಕು, ಅಂದರೆ ಒಂದು ಲೀಟರ್. ಆ ತಿಂಗಳು ಮನೆಗೆ ಉಳಿಯುವುದು ಅರ್ಧ ಲೀಟರ್, ಕೆಲವೊಮ್ಮೆ ಅದೂ ಇಲ್ಲ. ಎರಡು–ಮೂರು ತಿಂಗಳಾಗಿ ಕರು ಹುಲ್ಲು ಮೇಯತೊಡಗಿದ ಮೇಲೆ ಪಾಲು ಸ್ವಲ್ಪ ಬದಲಾಗುತ್ತದೆ. ಇಡೀ ಕರಾವಿಗೆ, ಅಂದರೆ ಹಾಲು ಕೊಡುವ ಅವಧಿಗೆ, ಸರಾಸರಿ ಹಿಡಿದರೆ ಒಂದು ದನದಿಂದ ದಿನಕ್ಕೆ ಮುಕ್ಕಾಲು ಲೀಟರ್ ಸಿಕ್ಕಿದರೆ ಹೆಚ್ಚು.

ಈ ಮನೆಯಲ್ಲಿ ಆರು ದನ, ಯಾವಾಗ ನೋಡಿದರೂ ಮೂರು ಕರಾವಿನಲ್ಲಿ. ಮೂರರಿಂದ ಎರಡೂಕಾಲು ಲೀಟರ್. ಮನೆಯ ಚಹಾ, ಮಜ್ಜಿಗೆಗೆ ಮುಕ್ಕಾಲು ತೆಗೆದರೆ ಹೆಪ್ಪು ಹಾಕಲು ಒಂದೂವರೆ ಲೀಟರ್. ಎರಡು ದಿನದ ಮೊಸರು ಸೇರಿಸಿ ಬೆಳಗಿನ ಜಾವದ ತಂಪಿನಲ್ಲಿ ಕಡೆಯುತ್ತಾರೆ. ಹೊತ್ತು ಏರಿದ ಮೇಲೆ ಕಡೆದರೆ ಬೆಣ್ಣೆ ಮೆದುವಾಗಿ ಮಜ್ಜಿಗೆಯಲ್ಲೇ ಉಳಿದುಬಿಡುತ್ತದೆ. ಮೂರು ಲೀಟರ್ ಮೊಸರಿಗೆ 150 ಗ್ರಾಂ ಬೆಣ್ಣೆ. ವಾರದ ಬೆಣ್ಣೆ ಕಾಸಿದರೆ ಹೆಚ್ಚು ಕಡಿಮೆ ಒಂದು ಬಾಟಲಿ. ಒಂದು ಕಿಲೋ ತುಪ್ಪಕ್ಕೆ ಸುಮಾರು 25 ಲೀಟರ್ ಹಾಲು ಎಂಬ ಸಾಮಾನ್ಯ ಲೆಕ್ಕಕ್ಕೂ ಇದು ತಾಳೆಯಾಗುತ್ತದೆ. ಅಂದರೆ ಇವರು ಹೇಳುವ ತಿಂಗಳಿಗೆ ನಾಲ್ಕು ಬಾಟಲಿ ಎಂಬ ಮಾತು ಸುಳ್ಳಲ್ಲ.

ಇದೇ ಅಳತೆಯನ್ನು ದೊಡ್ಡ ಮಾರಾಟಗಾರರಿಗೆ ಹಿಡಿದು ನೋಡಿ. ಕರುವಿಗೆ ಮೊದಲು ಕೊಟ್ಟು ಉಳಿದದ್ದರಲ್ಲಿ ತಿಂಗಳಿಗೆ 50 ಕಿಲೋ ಗಿಡ್ಡ ದನದ ತುಪ್ಪ ಮಾರುತ್ತೇವೆ ಎಂದರೆ 1,250 ಲೀಟರ್ ಹಾಲು ಬೇಕು, ದಿನಕ್ಕೆ ಸುಮಾರು 42 ಲೀಟರ್. ಕರಾವಿನ ದನ ಐವತ್ತಾರಾದರೂ ಇರಬೇಕು, ಬತ್ತಿದ್ದು, ಗಬ್ಬದ್ದು ಸೇರಿಸಿ ನೂರರ ಹತ್ತಿರ. ಅಷ್ಟು ದೊಡ್ಡ ಹಟ್ಟಿ ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ಕರುವಿನ ಪಾಲು ಹೋಗಿದೆ, ಅಥವಾ ಬೇರೆ ಹಾಲು ಬಂದಿದೆ. ಹಾಲಿನ ಪ್ರೋಟೀನಿನ ಬಗೆ ಹೇಳಲು ಲೇಬಲಿನಲ್ಲಿ ಬರೆಯುವ ‘ಎ2’ ಎಂಬ ಅಕ್ಷರ ಇದಕ್ಕೆ ಉತ್ತರವಲ್ಲ. 2024ರ ಆಗಸ್ಟಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಎ1, ಎ2 ಎಂದು ಬರೆಯಬೇಡಿ ಎಂದು ಸೂಚಿಸಿ, ಒಂದು ವಾರದೊಳಗೆ ಆ ಸೂಚನೆಯನ್ನು ಹಿಂದಕ್ಕೆ ಪಡೆಯಿತು. ಆ ಚರ್ಚೆ ಹಾಲಿನ ಪ್ರೋಟೀನಿನದ್ದು. ಕೊಬ್ಬು ಬಿಟ್ಟರೆ ಹೆಚ್ಚೇನೂ ಉಳಿಯದ ತುಪ್ಪಕ್ಕೆ ಅದರಿಂದ ಆಗುವ ವ್ಯತ್ಯಾಸ ಅಷ್ಟರಲ್ಲೇ ಇದೆ. ಹಸಿರು ಚುಕ್ಕಿಯೂ ಹಾಗೆಯೇ. ಸಸ್ಯಾಹಾರ ಎಂದು ಹೇಳುತ್ತದೆ, ಕರು ಎಲ್ಲಿ ಹೋಯಿತು ಎಂದು ಹೇಳುವುದಿಲ್ಲ.

ಹಟ್ಟಿಗೆ ಹೋಗಲು ಅವಕಾಶ ಸಿಕ್ಕಿದರೆ ಹಾಲು ಕರೆಯುವ ಹೊತ್ತಿಗೇ ಹೋಗಬೇಕು. ಇಲ್ಲಿ ಹಗ್ಗ ಬಿಚ್ಚಿದ ಕೂಡಲೇ ಕರು ಓಡಿ ಬಂದು ಕೆಚ್ಚಲನ್ನು ಗುದ್ದಿ ಕುಡಿಯುತ್ತದೆ. ಹಾಲು ಇಳಿಯಿತು ಎಂದು ಕಂಡ ಕ್ಷಣಕ್ಕೇ ಎಳೆದು ಕಟ್ಟುವುದಿಲ್ಲ. ಎರಡು ಮೊಲೆ ಪೂರಾ ಕರುವಿಗೆ ಬಿಟ್ಟು, ಉಳಿದೆರಡನ್ನು ಕರೆದು, ಕೊನೆಗೆ ಮತ್ತೆ ಕರುವನ್ನು ಬಿಡುತ್ತಾರೆ. ಕೊನೆಯ ಹಾಲಿನಲ್ಲೇ ಕೊಬ್ಬು ಜಾಸ್ತಿ, ತುಪ್ಪ ಮಾರುವವರಿಗೆ ಬೇಕಾದದ್ದೂ ಅದೇ. ಅದನ್ನು ಕರುವಿಗೆ ಬಿಡುವ ಮನೆ ಸಿಗುವುದು ಕಷ್ಟ. ಕರುವಿನ ಮೈ ನೋಡಿ: ಪಕ್ಕೆಲುಬು ಎದ್ದು, ಹೊಟ್ಟೆ ಮಾತ್ರ ಉಬ್ಬಿ, ರೋಮ ಒರಟಾಗಿದ್ದರೆ ಹಾಲು ಸಾಲುತ್ತಿಲ್ಲ, ಹುಳದ ಬಾಧೆಯೂ ಇರಬಹುದು. ಇಲ್ಲಿಯ ಕರುಗಳ ಮೈ ಮಿರುಗುತ್ತಿತ್ತು. ಗಿಣ್ಣು ಮಾರುತ್ತೀರಾ ಎಂದು ಕೇಳುವುದೂ ಒಂದು ಪರೀಕ್ಷೆ. ರೋಗದ ಎದುರು ನಿಲ್ಲುವ ಶಕ್ತಿ ಕರುವಿಗೆ ಬರುವುದು ಮೊದಲ ದಿನದ ಗಿಣ್ಣುಹಾಲಿನಿಂದ. ಒಂದು ದಿನ ಕಳೆದರೆ ಅದನ್ನು ಹೀರಿಕೊಳ್ಳುವ ಗುಣ ಕರುಳಿನಿಂದ ಹೊರಟುಹೋಗುತ್ತದೆ. ಇಲ್ಲಿ ಗಿಣ್ಣು ಮಾರುವುದಿಲ್ಲ.

ಇಷ್ಟರ ತನಕ ಎಲ್ಲವೂ ಮೆಚ್ಚುವಂಥದ್ದೇ. ತೊಡಕು ಇರುವುದು ಹೋರಿಕರುವಿನಲ್ಲಿ.

ದನ ಕರು ಹಾಕದೆ ಹಾಲಿಲ್ಲ. ಒಂಬತ್ತು ತಿಂಗಳು ಗಬ್ಬ, ಏಳೆಂಟು ತಿಂಗಳು ಕರಾವು. ಹದಿನೈದು ತಿಂಗಳಿಗೊಂದು ಕರು ಎಂದು ಹಿಡಿದರೆ ಆರು ದನಕ್ಕೆ ವರ್ಷಕ್ಕೆ ಐದು ಕರು ಹತ್ತಿರ, ಅದರಲ್ಲಿ ಎರಡೋ ಮೂರೋ ಹೋರಿ. ಒಂದು ದನದ ಆಯುಸ್ಸು ಹದಿನೈದು–ಇಪ್ಪತ್ತು ವರ್ಷ. ಯಾವ ಹೋರಿಯನ್ನೂ ಹೊರಗೆ ಕಳಿಸದೆ ಸಾಕಿದರೆ ಹದಿನೈದು ವರ್ಷದಲ್ಲಿ ಆರು ದನದ ಹಟ್ಟಿಯಲ್ಲಿ ಮೂವತ್ತು ಹೋರಿ ನಿಲ್ಲುತ್ತವೆ. ಹೆಣ್ಣುಕರುಗಳನ್ನು ಇನ್ನೂ ಎಣಿಸಿಲ್ಲ. ಗದ್ದೆ ಉಳುವ ಕಾಲದಲ್ಲಿ ಹೋರಿಗೆ ಹಟ್ಟಿಯಲ್ಲಿ ಸ್ಥಾನವಿತ್ತು. ಗದ್ದೆ ತೋಟವಾಯಿತು, ಉಳಿದದ್ದಕ್ಕೆ ಟಿಲ್ಲರ್ ಬಂತು. ಹೋರಿಕರು ಏನು ಮಾಡುತ್ತೀರಿ ಎಂದು ಕೇಳಿದರೆ ಈ ಮನೆಯ ಉತ್ತರ, ‘ಸಾಕುವವರಿಗೆ ಕೊಡುತ್ತೇವೆ’. ಯಾರಿಗೆ ಕೊಟ್ಟದ್ದು, ಕಳೆದ ವರ್ಷ ಹೋದ ಹೋರಿ ಇವತ್ತು ಎಲ್ಲಿದೆ ಎಂಬುದಕ್ಕೆ ಉತ್ತರ ಇಲ್ಲ, ಬರೆದಿಟ್ಟದ್ದೂ ಇಲ್ಲ. ದುರುದ್ದೇಶ ಖಂಡಿತ ಇಲ್ಲ, ಆದರೆ ಅಹಿಂಸೆ ಎಂದು ಬರೆದು ಮಾರುವಾಗ ಇಷ್ಟು ಸಾಲದು.

ಇಲ್ಲಿ ಬರುವ ಒಂದು ಸಮಾಧಾನವನ್ನು ನೇರವಾಗಿ ಎದುರಿಸಬೇಕು. ಎಲ್ಲವೂ ಬ್ರಹ್ಮವೇ; ತಿನ್ನುವವನೂ ಬ್ರಹ್ಮ, ತಿನ್ನಿಸಿಕೊಳ್ಳುವುದೂ ಬ್ರಹ್ಮ; ಮತ್ತೆ ಹೋರಿಕರುವಿನ ವಿಚಾರ ಯಾಕೆ ಎನ್ನುವವರಿದ್ದಾರೆ. ಅದ್ವೈತ ಪರಂಪರೆಯ ಎಡನೀರು ಮಠದ ಸೀಮೆ ಇದು, ಕಾಞಂಗಾಡಿನಲ್ಲಿ ಸ್ವಾಮಿ ರಾಮದಾಸರು 1931ರಲ್ಲಿ ಕಟ್ಟಿದ ಆನಂದಾಶ್ರಮವೂ ಇದೇ ಜಿಲ್ಲೆಯಲ್ಲಿದೆ. ಅದ್ವೈತದ ಮಾತು ಕೇಳಿ ಗೊತ್ತಿರುವ ಊರಿನಲ್ಲಿ ಈ ಸಮಾಧಾನ ಸುಲಭವಾಗಿ ನಾಲಿಗೆಗೆ ಬರುತ್ತದೆ. ‘ಅಹಮನ್ನಂ, ಅಹಮನ್ನಾದಃ’ (ನಾನೇ ಅನ್ನ, ಅನ್ನ ತಿನ್ನುವವನೂ ನಾನೇ) ಎಂದು ತೈತ್ತಿರೀಯ ಉಪನಿಷತ್ತಿನ ಭೃಗುವಲ್ಲಿ ಎಂಬ ಭಾಗ ಹಾಡುವುದು ನಿಜ. ಆದರೆ ಅದು ವಿಚಾರ ಮುಗಿಸಿದವನ ಹಾಡು, ಮೆನು ಆರಿಸುವವನಿಗೆ ಕೊಟ್ಟ ಪರವಾನಗಿಯಲ್ಲ.

ವೇದಾಂತದ ಮೂಲಗ್ರಂಥವಾದ ಬ್ರಹ್ಮಸೂತ್ರ ಈ ಪ್ರಶ್ನೆಯನ್ನೇ ಎತ್ತಿಕೊಂಡಿದೆ. ಪ್ರಾಣವನ್ನು ಉಪಾಸನೆ ಮಾಡುವವನಿಗೆ ತಿನ್ನಬಾರದ್ದು ಯಾವುದೂ ಇಲ್ಲ ಎಂಬಂಥ ಶ್ರುತಿವಾಕ್ಯ ಇದೆಯಲ್ಲ, ಹಾಗಾದರೆ ಎಲ್ಲವನ್ನೂ ತಿನ್ನಬಹುದೇ? ‘ಸರ್ವಾನ್ನಾನುಮತಿಶ್ಚ ಪ್ರಾಣಾತ್ಯಯೇ ತದ್ದರ್ಶನಾತ್’ (3.4.28): ಪ್ರಾಣ ಹೋಗುವ ಹೊತ್ತಿನಲ್ಲಿ ಮಾತ್ರ ಅನುಮತಿ. ಇದಕ್ಕೆ ಆಧಾರ ಛಾಂದೋಗ್ಯ ಉಪನಿಷತ್ತಿನ ಉಷಸ್ತಿ ಚಾಕ್ರಾಯಣನ ಕಥೆ. ಕುರುದೇಶದ ಬೆಳೆ ನಾಶವಾಗಿ ಹಸಿವಿನಿಂದ ಸಾಯುವ ಸ್ಥಿತಿಯಲ್ಲಿ ಆನೆ ಸಾಕುವವನ ಎಂಜಲು ಕಾಳನ್ನು ಬೇಡಿ ತಿನ್ನುತ್ತಾನೆ. ಅವನೇ ನೀರು ಕೊಟ್ಟಾಗ ಬೇಡ ಎನ್ನುತ್ತಾನೆ. ಕಾಳೂ ಎಂಜಲೇ ಅಲ್ಲವೇ ಎಂದರೆ, ಅದನ್ನು ತಿನ್ನದಿದ್ದರೆ ಬದುಕುತ್ತಿರಲಿಲ್ಲ, ನೀರು ಬೇಕೆಂದಲ್ಲಿ ಸಿಗುತ್ತದೆ ಎಂಬುದು ಅವನ ಉತ್ತರ. ಎಲ್ಲಿ ಅನಿವಾರ್ಯ ಮುಗಿದು ಇಷ್ಟ ಶುರುವಾಗುತ್ತದೋ ಅಲ್ಲಿ ಅವನ ಅನುಮತಿಯೂ ಮುಗಿಯಿತು. ಮಾರುಕಟ್ಟೆಯಲ್ಲಿ ಹತ್ತು ಬಗೆಯ ಎಣ್ಣೆ ಇರುವಾಗ ತುಪ್ಪ ನಮಗೆ ಉಷಸ್ತಿಯ ಕಾಳಲ್ಲ, ಅವನು ಬೇಡವೆಂದ ನೀರು.

ಇದರ ಇನ್ನೊಂದು ಬದಿಯನ್ನೂ ಹೇಳದಿದ್ದರೆ ಶಾಸ್ತ್ರಕ್ಕೆ ಅನ್ಯಾಯವಾಗುತ್ತದೆ. ಹಾಲು ತುಪ್ಪ ಬಿಡಬೇಕೆಂದು ಅದ್ವೈತದ ಆಚಾರ್ಯರು ಹೇಳಿಲ್ಲ. ಹೋಮಕ್ಕೆ ತುಪ್ಪವೇ ಬೇಕು. ವೇದ ವಿಧಿಸಿದ ಯಾಗದ ಪಶುವನ್ನು ಮುಂದಿಟ್ಟು ಆ ಕರ್ಮ ಅಶುದ್ಧ ಎಂದವರಿಗೆ ಶಂಕರರು ಒಪ್ಪುವುದಿಲ್ಲ, ಬ್ರಹ್ಮಸೂತ್ರ 3.1.25ರ ಅವರ ಭಾಷ್ಯ ನೋಡಬಹುದು. ಹಾಗಾಗಿ ಶಾಸ್ತ್ರವಾಕ್ಯ ತೋರಿಸಿ ತುಪ್ಪವನ್ನು ಬೈಯಲು ಬರುವುದಿಲ್ಲ. ಆದರೆ ಲೇಬಲಿನವರು ಎತ್ತಿಕೊಂಡದ್ದು ಯಾಗದ ವಿಧಿಯನ್ನಲ್ಲ, ಎಲ್ಲರಲ್ಲೂ ಒಂದನ್ನೇ ಕಾಣುವ ಸಮದರ್ಶನವನ್ನು. ಗೀತೆಯ ಐದನೇ ಅಧ್ಯಾಯದ 18ನೇ ಶ್ಲೋಕದ ಸಾಲಿನಲ್ಲಿ ವಿದ್ಯಾವಂತ ಬ್ರಾಹ್ಮಣ, ಹಸು, ಆನೆ, ನಾಯಿ, ಶ್ವಪಾಕ (ನಾಯಿಮಾಂಸ ತಿನ್ನುವವ) ಎಲ್ಲರೂ ಇದ್ದಾರೆ. ಆ ನೋಟವನ್ನು ಬಾಟಲಿಗೆ ಅಂಟಿಸಿದ ಮೇಲೆ ಹಾಲು ಕೊಡುವ ತಾಯಿಯಲ್ಲಿ ಕಂಡದ್ದನ್ನು ಹಾಲು ಕೊಡದ ಮಗನಲ್ಲೂ ಕಾಣಬೇಕಾಗುತ್ತದೆ.

ಹಾಗಾದರೆ ಮೂವತ್ತು ಹೋರಿ ಸಾಕುವುದು ಸಾಧ್ಯವೇ? ಬೇರೆ ಊರಿನಲ್ಲಿ ಕಷ್ಟ. ಅಡಿಕೆ ತೋಟದವರಿಗೆ ಒಂದು ದಾರಿ ಇದೆ, ಈ ಮನೆಯವರು ಅದನ್ನು ಇನ್ನೂ ಹಿಡಿದಿಲ್ಲ. ಒಂದು ಅಡಿಕೆ ಮರಕ್ಕೆ ವರ್ಷಕ್ಕೆ 12 ಕಿಲೋ ಕೊಟ್ಟಿಗೆ ಗೊಬ್ಬರ ಅಥವಾ ಕಾಂಪೋಸ್ಟ್, 12 ಕಿಲೋ ಸೊಪ್ಪು ಎಂಬುದು ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ (ಸಿಪಿಸಿಆರ್‌ಐ) ಶಿಫಾರಸು. ಗಿಡ್ಡ ಹೋರಿ ದಿನಕ್ಕೆ ಐದು ಕಿಲೋದಷ್ಟು ಸಗಣಿ ಹಾಕಿದರೆ ವರ್ಷಕ್ಕೆ 1,800 ಕಿಲೋ. ಕೊಳೆತು ಅರ್ಧಕ್ಕಿಳಿದರೂ 900 ಕಿಲೋ, ಅಂದರೆ 75 ಮರದ ಗೊಬ್ಬರ. ಒಂಬತ್ತು ಅಡಿ ಅಂತರದ ತೋಟದಲ್ಲಿ ಎಕರೆಗೆ 550 ಮರ ಇರುತ್ತವೆ. ಒಂದು ಎಕರೆಗೆ ಏಳು ಜಾನುವಾರಿನ ಗೊಬ್ಬರ ಬೇಕು. ಇವರ ತೋಟ ಮೂರು ಎಕರೆ. ಇಪ್ಪತ್ತು ತಲೆಯ ಗೊಬ್ಬರ ಅಲ್ಲೇ ಖರ್ಚಾಗುತ್ತದೆ. ಈಗ ಆಗುತ್ತಿರುವುದು ಏನೆಂದರೆ, ಹೋರಿಗಳು ಹೊರಗೆ ಹೋಗುತ್ತವೆ, ತೋಟಕ್ಕೆ ಲಾರಿಯಲ್ಲಿ ಕೋಳಿಗೊಬ್ಬರ ಬರುತ್ತದೆ. ಬ್ರಾಯ್ಲರ್ ಶೆಡ್ಡಿನ ಗೊಬ್ಬರದಿಂದ ಬೆಳೆದ ತೋಟದ ಹುಲ್ಲು ಅಹಿಂಸಾ ತುಪ್ಪವಾಗುತ್ತಿದೆ. ಈ ವಿಮರ್ಶೆಯ ದೊಡ್ಡ ಆಕ್ಷೇಪ ಇದೇ.

ಸಾಕುವ ಖರ್ಚೂ ಸಣ್ಣದಲ್ಲ. 150 ಕಿಲೋ ತೂಗುವ ಹೋರಿಗೆ ದಿನಕ್ಕೆ ಹತ್ತು ಕಿಲೋ ಹಸಿಹುಲ್ಲು, ಎರಡು ಕಿಲೋ ಬೈಹುಲ್ಲು ಬೇಕು. ಗುಡ್ಡದಲ್ಲಿ ಮೇಯಲು ಬಿಡುವ ಜಾಗ ಇದ್ದರೆ ಮಳೆಗಾಲದ ನಾಲ್ಕೈದು ತಿಂಗಳು ಹೊರೆ ಇಳಿಯುತ್ತದೆ. ಹಿಂಡಿ ಬೇಡ, ಅಕ್ಕಚ್ಚು ಸಾಕು. ಬೈಹುಲ್ಲು ಈಗ ಹೊರಗಿನಿಂದ ಬರುವುದರಿಂದ ಬೇಸಗೆಯೇ ಕಠಿಣ. ಹಾಗಾಗಿ ಹುಟ್ಟುವ ಸಂಖ್ಯೆಯನ್ನೂ ಇಳಿಸಬೇಕು: ಕರು ಹಾಕಿದ ಐದಾರು ತಿಂಗಳಿಗೇ ಗಬ್ಬಕ್ಕೆ ಹೋರಿ ಕೊಡಿಸುವ ಬದಲು ದನಕ್ಕೆ ಒಂದು ವರ್ಷ ವಿರಾಮ ಕೊಟ್ಟರೆ ಎರಡು ವರ್ಷಕ್ಕೆ ಒಂದು ಕರು, ಆರು ದನಕ್ಕೆ ವರ್ಷಕ್ಕೆ ಮೂರು. ಹೋರಿ ಒಂದೋ ಎರಡೋ. ತುಪ್ಪವೂ ಇಳಿಯುತ್ತದೆ, ತಿಂಗಳಿಗೆ ಎರಡು ಬಾಟಲಿಯ ಆಸುಪಾಸು. ಬೆಲೆ 2,500 ಆಗಬಹುದು. ಅಹಿಂಸೆ ಎಂದು ಬರೆಯಲು ಅರ್ಹವಾದ ತುಪ್ಪದ ನಿಜವಾದ ಬೆಲೆ ಅದು. ಅರ್ಧ ಲೀಟರ್ ತುಪ್ಪಕ್ಕೆ ಹನ್ನೊಂದೂವರೆ ಲೀಟರ್ ಹಾಲು ಸಾಕಷ್ಟೆ ಎಂದು 700ಕ್ಕೆ ಕೇಳುವವರು ಹೋರಿಯ ಹುಲ್ಲಿನ ದುಡ್ಡನ್ನು ಕೊಡಲು ಒಪ್ಪುತ್ತಿಲ್ಲ ಎಂದೇ ಅರ್ಥ.

ತುಪ್ಪ ಬಿಟ್ಟು ಗೋಡಂಬಿ ಹಾಲಿಗೆ, ಗೋಡಂಬಿ ಬೆಣ್ಣೆಗೆ ಹೋದರೆ ಕೈ ತೊಳೆದಂತಾಯಿತು ಎಂದುಕೊಂಡವರೂ ಕೇಳಬೇಕಾದ ಪ್ರಶ್ನೆಗಳಿವೆ. ಇದೇ ಜಿಲ್ಲೆಯ ಎಣ್ಮಕಜೆಯ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎರಡು ದಶಕ ಎಂಡೋಸಲ್ಫಾನ್ ಕೀಟನಾಶಕ ಸುರಿದು, 2000ದ ಹೊತ್ತಿಗೆ ನಿಂತು, 2011ರಲ್ಲಿ ಸುಪ್ರೀಂ ಕೋರ್ಟು ದೇಶಕ್ಕೇ ನಿಷೇಧಿಸುವ ಹೊತ್ತಿಗೆ ಇಲ್ಲಿಯ ಮನೆ ಮನೆಗಳಲ್ಲಿ ಏನಾಗಿತ್ತು ಎಂಬುದು ಕಣ್ಣೆದುರಿಗಿದೆ. ಆ ಗೋಡಂಬಿಯ ಮೇಲೂ ಸಸ್ಯಾಹಾರದ ಹೆಸರೇ ಇತ್ತು. ಪ್ರಾಣಿಯ ದೇಹದಿಂದ ಬಂದದ್ದೋ ಅಲ್ಲವೋ ಎಂಬ ಒಂದೇ ಪ್ರಶ್ನೆಯಿಂದ ಊಟ ಶುದ್ಧವಾಗುವುದಿಲ್ಲ. ಯಾರ ಮೈ ಮೇಲೆ ಬಿದ್ದು ಬಂತು ಎಂದೂ ಕೇಳಬೇಕು.

ನಮ್ಮ ಕಡೆಯ ಅಡುಗೆಯಲ್ಲಿ ತುಪ್ಪ ನಿಜಕ್ಕೂ ಬೇಕಾಗುವ ಜಾಗ ಕಡಿಮೆ. ಹೆಸರುಬೇಳೆ ಪಾಯಸ ಮೊದಲಿಂದಲೂ ಕಾಯಿಹಾಲಿನದ್ದು. ಕಾಲು ಕಿಲೋ ಬೇಳೆಗೆ ಎರಡು ದೊಡ್ಡ ತೆಂಗಿನಕಾಯಿ, ಮುನ್ನೂರೈವತ್ತು ಗ್ರಾಂ ಬೆಲ್ಲ. ಬೇಳೆಯನ್ನು ಪರಿಮಳ ಬರುವ ತನಕ ಹುರಿದು, ಕಾಯಿಯನ್ನು ಮೂರನೆಯ ಸಲ ಹಿಂಡಿದ ನೀರುಹಾಲಿನಲ್ಲಿ ಪೂರಾ ಬೇಯಿಸಬೇಕು. ಬೇಳೆ ಬೇಯುವ ಮುಂಚೆ ಬೆಲ್ಲ ಹಾಕಿದರೆ ಕಾಳು ಗಟ್ಟಿಯಾಗಿ ನಿಂತುಬಿಡುತ್ತದೆ, ಮತ್ತೆ ಎಷ್ಟು ಕುದಿಸಿದರೂ ಮೆದುವಾಗುವುದು ಕಷ್ಟ. ಬೆಲ್ಲ ಕರಗಿ ಒಂದು ಕುದಿ ಬಂದ ಮೇಲೆ ಎರಡನೆಯ ಹಾಲು, ಒಲೆ ಆರಿಸಿದ ಮೇಲೆ ಮೊದಲ ದಪ್ಪ ಹಾಲು. ದಪ್ಪ ಹಾಲು ಕುದಿದರೆ ಒಡೆದು ಎಣ್ಣೆ ಮೇಲೆ ಬರುತ್ತದೆ. ಒಗ್ಗರಣೆಗೆ ತುಪ್ಪದಲ್ಲಿ ಹುರಿದ ಗೋಡಂಬಿಯ ಬದಲು ತೆಂಗಿನಕಾಯಿಯ ಸಣ್ಣ ಹೋಳುಗಳನ್ನು ತೆಂಗಿನೆಣ್ಣೆಯಲ್ಲಿ ಕೆಂಪಗೆ ಹುರಿದು ಹಾಕಿದರೆ ರುಚಿಗೆ ಏನೂ ಕಡಿಮೆಯಾಗುವುದಿಲ್ಲ. ಹೋಳಿಗೆ, ದೋಸೆ, ಬಿಸಿ ಅನ್ನದ ಮೇಲಿನ ಒಂದು ಚಮಚ, ಇವುಗಳಿಗೆ ತೆಂಗಿನೆಣ್ಣೆ ಸಮವಲ್ಲ ಎಂಬುದನ್ನು ಒಪ್ಪಬೇಕು. ಅಲ್ಲಿ ತುಪ್ಪ ಬಿಡುವುದು ಬಿಡುವುದೇ, ಬದಲಿ ಹುಡುಕಿದರೆ ನಿರಾಸೆಯೇ.

ಒಟ್ಟು ನೋಡಿದರೆ ಈ ತುಪ್ಪ ಶುದ್ಧ, ತಾಯಿದನಕ್ಕೂ ಹಾಲು ಕುಡಿಯುವ ಕರುವಿಗೂ ನ್ಯಾಯವಾಗಿದೆ. ಈ ಸೀಮೆಯಲ್ಲಿ ಸಿಗುವ ತುಪ್ಪಗಳಲ್ಲಿ ಮೇಲಿನ ಸಾಲಿನದ್ದು. ಪೂರಾ ಸಸ್ಯಮೂಲದ ಊಟಕ್ಕೆ ಹೋದವರಿಗೆ ಇದನ್ನು ಕೊಳ್ಳಿ ಎನ್ನಲು ಕಾರಣವಿಲ್ಲ. ತುಪ್ಪ ಬಳಸುವವರಿದ್ದರೆ ಪೇಟೆಯ ದೊಡ್ಡ ಡಬ್ಬ ಬಿಟ್ಟು ಇಂಥ ಮನೆಯಿಂದ ವರ್ಷಕ್ಕೆ ಎರಡು ಬಾಟಲಿ ತೆಗೆದುಕೊಂಡು ಹಬ್ಬಕ್ಕೆ, ನೈವೇದ್ಯಕ್ಕೆ ಇಟ್ಟುಕೊಳ್ಳಬಹುದು. ಅಹಿಂಸಾ ಎಂಬ ಪದವನ್ನು ಮಾತ್ರ ಈಗ ತೆಗೆಯಬೇಕು. ಹೋರಿಕರುಗಳ ಒಂದು ಪಟ್ಟಿ, ಹುಟ್ಟಿದ ತಿಂಗಳು, ಬಣ್ಣ, ಈಗ ಇರುವ ಜಾಗ, ಇಷ್ಟನ್ನು ಹಟ್ಟಿಯ ಗೋಡೆಯಲ್ಲಿ ಬರೆದು ತೂಗಹಾಕಿದ ದಿನ ಮತ್ತೆ ಬರೆದುಕೊಳ್ಳಲಿ. ಈ ಸಲಹೆಯನ್ನು ಮನೆಯವರಿಗೂ ಕೊಟ್ಟಾಗಿದೆ. ಎರಡು ಹೋರಿಕರುಗಳನ್ನು ಈ ವರ್ಷ ಉಳಿಸಿಕೊಂಡು ಕೋಳಿಗೊಬ್ಬರ ಒಂದು ಲೋಡು ಕಡಿಮೆ ಮಾಡಿ ನೋಡುತ್ತೇವೆ ಎಂದಿದ್ದಾರೆ.

ಕೊಳ್ಳುವವರಿಗೆ ಇನ್ನೆರಡು ಮಾತು. ನವರಾತ್ರಿ, ದೀಪಾವಳಿಗೆ ಬೇಕಾದರೆ ಎರಡು ತಿಂಗಳು ಮುಂಚೆ ಹೇಳಬೇಕು. ಹಬ್ಬದ ವಾರ ಹೋಗಿ ಒತ್ತಾಯ ಮಾಡಬೇಡಿ. ಖಾಲಿ ಬಾಟಲಿ ತೊಳೆದು, ಬಿಸಿಲಿಗೆ ಒಣಗಿಸಿ ಹಿಂದಕ್ಕೆ ಕೊಟ್ಟರೆ ಮೂವತ್ತು ರೂಪಾಯಿ ಬಿಡುತ್ತಾರೆ.